ಬ್ಯಾಡಗಿ, ಬೇಡಗಿ, ಬೆಡಗಿ: ಒಂದು ಮೆಣಸಿನಕಾಯಿ ಅಂಗಡಿಯ ವೆಬ್‌ಸೈಟ್ ಪ್ರಕರಣ

ಅಂಗಡಿ ಹಾವೇರಿ ಜಿಲ್ಲೆಯದು. ಊರು, ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಮನೆಯವರಿಗೆ ಹೇಳಿಯೇ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಕೂತು ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವನು.

ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲದೊಳಗೆ ಕೈ ಹಾಕಿ, ಮುರಿದು, ಮೂಸಿ ನೋಡಿ ಮಾಲು ಹಿಡಿಯುವವರು. ಊರಿಗೆಲ್ಲ ಅವರು ಅಜ್ಜಾರು. ಆನ್‌ಲೈನ್ ವ್ಯಾಪಾರ ನೋಡುವುದು ಅವರ ಹಿರಿಸೊಸೆ, ನಾನು ಅಕ್ಕಾರು ಅಂತ ಕರೆಯುತ್ತೇನೆ. ಅವರ ಮೈದುನ ಗಿರಣಿ, ಕೊರಿಯರ್, ಲೆಕ್ಕ ನೋಡುತ್ತಾನೆ. ಮಾರುವ ಸಾಮಾನು ಮೂರೇ: ಇಡೀ ಒಣ ಮೆಣಸಿನಕಾಯಿ, ಅದರ ಪುಡಿ, ಮನೆಯಲ್ಲೇ ಮಾಡುವ ಮಸಾಲಿ ಖಾರ.

ಅಕ್ಕಾರು ಮೊದಲ ಸಲ ಫೋನ್ ಮಾಡಿದಾಗ ಸುತ್ತು ಬಳಸಲಿಲ್ಲ. "ಸರ್, ವೆಬ್‌ಸೈಟಿಗೆ ವರ್ಷಾ ರೊಕ್ಕಾ ಕಟ್ಟತೀವಿ. ಆರ್ಡರ್ ಬರೂದು ಮಾತ್ರ ವಾಟ್ಸಾಪ್‌ನ್ಯಾಗ. ಹಂಗಾದ್ರ ಇದು ಯಾಕ್ ಬೇಕ್ರಿ?"

ಅದು ದೀಪಾವಳಿ ಮುಗಿದ ವಾರ. ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಜೋರಾಗಿ ಬರುವುದು ಜನವರಿಯಿಂದ. ನಮ್ಮ ಕಡೆ ಮನೆಮನೆಯಲ್ಲಿ ವರ್ಷದ ಖಾರ ಕುಟ್ಟಿಸುವುದು ಬ್ಯಾಸಗಿಯಲ್ಲಿ. ಅಂದರೆ ಕೈಯಲ್ಲಿ ಎರಡು ತಿಂಗಳು ಇತ್ತು.

ಒಂದೇ ಮಾಲು, ಏಳು ಪುಟ

ವೆಬ್‌ಸೈಟಿನಲ್ಲಿ 23 ಪುಟ ಇದ್ದವು. ಮೂರು ಸಾಮಾನು ಮಾರುವ ಅಂಗಡಿಗೆ ಇಷ್ಟು ಯಾಕೆ ಅಂತ ತೆರೆದು ನೋಡಿದರೆ, ಏಳು ಪುಟ ಮೆಣಸಿನಪುಡಿಯದೇ. ಬ್ಯಾಡಗಿ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬಿ-ವೈ-ಎ-ಡಿ-ಜಿ-ಐ ಅಂತ ಕೆಲವರು, ನಡುವೆ ಇನ್ನೊಂದು ಎ ಸೇರಿಸಿ ಕೆಲವರು. ಮಹಾರಾಷ್ಟ್ರ, ಗೋವಾ ಕಡೆಯವರು ಬಿ-ಇ-ಡಿ-ಜಿ-ಐ. ಹಿಂದೆ ವೆಬ್‌ಸೈಟ್ ಮಾಡಿದವರು ಒಂದೊಂದು ಕಾಗುಣಿತಕ್ಕೆ ಒಂದೊಂದು ಪುಟ ಮಾಡಿಟ್ಟಿದ್ದರು. ಒಳಗಿನ ಬರಹ ಒಂದೇ, ಹೆಸರು ಮಾತ್ರ ಬೇರೆ. ಕನ್ನಡದ ಪುಟ ಯಾವುದೋ ಅನುವಾದದ ಯಂತ್ರದಿಂದ ಇಳಿದದ್ದು. ಅದರಲ್ಲಿ ಬ್ಯಾಡಗಿ ಹೋಗಿ "ಬೆಡಗಿ ಮೆಣಸಿನಕಾಯಿ" ಆಗಿತ್ತು. ಅಜ್ಜಾರಿಗೆ ಓದಿ ಹೇಳಿದಾಗ ಅವರು ನಕ್ಕಿದ್ದು ಇನ್ನೂ ನೆನಪಿದೆ.

ಹೀಗೆ ಹೆಸರು ಬದಲಿಸಿ ಪುಟ ಹೆಚ್ಚಿಸುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಡೋರ್‌ವೇ ಪುಟ ಅಂತ ಕರೆಯುತ್ತದೆ. ದಂಡ ಬಿದ್ದ ಸೂಚನೆ ಏನೂ ಇರಲಿಲ್ಲ. ಆದರೆ ಯಾವ ಹುಡುಕಾಟಕ್ಕೆ ನಮ್ಮ ಯಾವ ಪುಟ ಕಾಣುತ್ತದೆ ಅಂತ ಗೂಗಲ್ ತೋರಿಸುವ ಸರ್ಚ್ ಕನ್ಸೋಲ್ ತೆರೆದಾಗ ರೋಗ ಕಣ್ಣಿಗೇ ಕಂಡಿತು. "ಬ್ಯಾಡಗಿ ಚಿಲ್ಲಿ ಪೌಡರ್" ಅನ್ನುವ ಒಂದೇ ಹುಡುಕಾಟಕ್ಕೆ ನಮ್ಮದೇ ನಾಲ್ಕು ಪುಟ ಸರದಿ ಮೇಲೆ ಬರುತ್ತಿದ್ದವು. ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಯಾವುದೂ ಗೂಗಲ್ ಫಲಿತಾಂಶದ ಮೂರನೇ ಪುಟದಿಂದ ಮೇಲೆ ಏರಿರಲಿಲ್ಲ. ನಾಲ್ಕು ಅಣ್ಣತಮ್ಮಂದಿರು ಒಂದೇ ಹೊಲಕ್ಕೆ ಜಗಳ ಆಡಿದ ಹಾಗೆ.

ಮಾತುಗಳನ್ನು ಕೂಡಿಸಿದ್ದು

ಮೊದಲ ಕೆಲಸ, ಜನ ಏನೇನು ಕೇಳುತ್ತಾರೆ ಅನ್ನುವ ಪಟ್ಟಿ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ, ಒಂದು ಸಲಕ್ಕೆ 1000 ಸಾಲು ಇಳಿಸಿಕೊಳ್ಳಬಹುದು. ನಮ್ಮಲ್ಲಿ ಅಷ್ಟು ಸಾಲೇ ಇರಲಿಲ್ಲ. ಯಾವ ಮಾತನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಅಂತ ಹೇಳುವ ಗೂಗಲ್ ಕೀವರ್ಡ್ ಪ್ಲಾನರ್‌ನಿಂದ ಒಂದಷ್ಟು ತೆಗೆದೆ. ಜಾಹೀರಾತಿಗೆ ಹಣ ಹಾಕದವರಿಗೆ ಅದು ಸರಿಯಾದ ಸಂಖ್ಯೆ ಕೊಡುವುದಿಲ್ಲ. ತಿಂಗಳಿಗೆ 100ರಿಂದ 1000 ಅಂತ ಅಗಲವಾಗಿ ಹೇಳಿ ಬಿಡುತ್ತದೆ. ಹುಡುಕುವ ಡಬ್ಬಿಯಲ್ಲಿ ಅರ್ಧ ಬರೆದಾಗ ಗೂಗಲ್ ತಾನೇ ಸೂಚಿಸುವ ಸಾಲುಗಳನ್ನೂ ಬರೆದುಕೊಂಡೆ.

ಕೊನೆಗೆ ಅಕ್ಕಾರ ವಾಟ್ಸಾಪ್. ಇದು ನನಗೆ ಮೊದಲು ಹೊಳೆದಿರಲಿಲ್ಲ. ಅವರೇ ಒಂದು ಸಂಜೆ ಫೋನ್ ಹಿಡಿದು ಹಳೆಯ ಮೆಸೇಜ್ ಓದುತ್ತ ಹೋದರು, ನಾನು ಶೀಟಿನಲ್ಲಿ ತುಂಬುತ್ತ ಹೋದೆ. "ಖಾರ ಭಾಳ ಇರತೈತೇನ್ರಿ?" "ಬಣ್ಣಾ ಹಾಕಿಲ್ಲಲ್ರಿ?" "ಪುಣೆಕ್ಕ ಕಳಸ್ತೀರೇನು?" "ಮಸಾಲಿ ಖಾರ ಎಷ್ಟ್ ದಿನಾ ಇರತೈತಿ?" ಎಲ್ಲ ಸೇರಿ 612 ಸಾಲು ಆಯಿತು.

ಇಷ್ಟನ್ನು ಕೈಯಿಂದ ವಿಂಗಡಿಸುವುದು ಕಷ್ಟ. ಅದಕ್ಕೆ ಗುಂಪು ಮಾಡುವ ಟೂಲ್ ಬೇಕಾಯಿತು. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಜಾತಿ ಪದಗಳನ್ನು ನೋಡುತ್ತದೆ: ಎರಡು ಸಾಲಿನಲ್ಲಿ ಒಂದೇ ಪದ ಇದ್ದರೆ ಜೊತೆಗೆ ಹಾಕು. ಇನ್ನೊಂದು ಜಾತಿ ಗೂಗಲ್ ಫಲಿತಾಂಶ ನೋಡುತ್ತದೆ. ಎರಡು ಸಾಲನ್ನೂ ಹುಡುಕಿ ಮೊದಲ ಹತ್ತು ಪುಟ ಹೋಲಿಸುತ್ತದೆ. ಎರಡರಲ್ಲೂ ಮೂರೋ ನಾಲ್ಕೋ ಪುಟ ಒಂದೇ ಆಗಿದ್ದರೆ, ಜನ ಕೇಳುತ್ತಿರುವುದು ಒಂದನ್ನೇ ಅಂತ ಲೆಕ್ಕ ಹಾಕಿ ಒಂದು ಗುಂಪಿಗೆ ತಳ್ಳುತ್ತದೆ.

ಪದ ನೋಡುವ ಟೂಲ್ ಪುಕ್ಕಟೆ ಸಿಕ್ಕಿತು, ಅದರಿಂದಲೇ ಶುರು ಮಾಡಿದೆ. ಇಂಗ್ಲಿಷ್ ಸಾಲುಗಳಿಗೆ ಪರವಾಗಿಲ್ಲ. ಕನ್ನಡಕ್ಕೆ ಬಂದಾಗ ಪೂರ್ತಿ ಕೈಕೊಟ್ಟಿತು. ಪುಡಿ, ಪುಡಿಗೆ, ಪುಡಿಯ, ಪುಡಿಯಲ್ಲಿ, ನಾಲ್ಕೂ ಅದಕ್ಕೆ ಬೇರೆ ಬೇರೆ ಪದ. "ಮೆಣಸಿನಕಾಯಿ" ಒಂದು, ನಡುವೆ ಜಾಗ ಬಿಟ್ಟ "ಮೆಣಸಿನ ಕಾಯಿ" ಇನ್ನೊಂದು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಜನ ಆರು ಥರ ಬರೆದಿದ್ದರು, ಆರೂ ಒಂಟಿ. ತಮಾಷೆ ಅಂದರೆ ಕಾಳುಮೆಣಸಿನ ಪುಡಿ ಮಾತ್ರ ಬಂದು ಮೆಣಸಿನ ಪುಡಿಯ ಜೊತೆ ಕೂತಿತ್ತು. ಖಾರ ಅನ್ನುವ ಪದವಂತೂ ಕೇಳಬೇಡಿ. ಬೆಂಗಳೂರಿನವರಿಗೆ ಖಾರ ಅಂದರೆ ನಾಲಿಗೆ ಉರಿಯುವುದು. ನಮ್ಮ ಕಡೆ ಡಬ್ಬಿಯಲ್ಲಿರುವ ಪುಡಿಯೂ ಖಾರವೇ.

ಹೀಗಾಗಿ ಫಲಿತಾಂಶ ಹೋಲಿಸುವ ಟೂಲ್‌ಗೆ ಹೋದೆ. ಅದಕ್ಕೆ ದುಡ್ಡು, ಸಾಲಿಗೆ ಇಷ್ಟು ಅಂತ. ಇಲ್ಲಿ ನನ್ನ ದೊಡ್ಡ ತಪ್ಪು ಒಂದು ಆಯಿತು. 612 ಸಾಲನ್ನೂ ಒಮ್ಮೆಲೇ ಹಾಕಿದೆ, ದೇಶ ಯಾವುದು ಅಂತ ನೋಡಲೇ ಇಲ್ಲ. ಅದರಲ್ಲಿ ಮೊದಲೇ ಅಮೆರಿಕ ಅಂತ ಇತ್ತು. ಬಂದ ಗುಂಪುಗಳಲ್ಲಿ ನ್ಯೂಜೆರ್ಸಿಯ ಕಿರಾಣಿ ಅಂಗಡಿಗಳು ತುಂಬಿದ್ದವು. ಕಟ್ಟಿದ ದುಡ್ಡು ಹೋಯಿತು. ಬಿಲ್ಲನ್ನು ಅಕ್ಕಾರಿಗೆ ಹಾಕಲಿಲ್ಲ, ನಾನೇ ನುಂಗಿಕೊಂಡೆ. ಈಗ ಯಾವ ಟೂಲ್ ಆದರೂ ಮೊದಲು 20 ಸಾಲು ಹಾಕಿ, ಬಂದ ಲಿಂಕ್ ತೆರೆದು ನೋಡಿ, ಆಮೇಲೆ ಉಳಿದದ್ದು.

ಭಾರತ ಅಂತ ಬದಲಿಸಿ ಮತ್ತೆ ಓಡಿಸಿದೆ. ಮೂರು ಪುಟ ಒಂದೇ ಆದರೆ ಸಾಕು ಅಂತ ಇಟ್ಟರೆ ಪಟ್ಟಿಯ ಮೂರನೇ ಒಂದು ಭಾಗ ಒಂದೇ ದೊಡ್ಡ ಗುಂಪಾಗಿ ಗಂಟು ಬಿತ್ತು. ಐದು ಅಂತ ಇಟ್ಟರೆ ಅರ್ಧಕ್ಕರ್ಧ ಒಂಟಿ. ನಾಲ್ಕಕ್ಕೆ ನಿಲ್ಲಿಸಿದೆ. 38 ಗುಂಪು ಬಂದವು. ಅದಕ್ಕೆ ಶಾಸ್ತ್ರ ಏನೂ ಇಲ್ಲ, ಕಣ್ಣಿಗೆ ಸರಿ ಅನ್ನಿಸಿದ್ದಷ್ಟೇ.

"ಪಾಕೀಟು ಬ್ಯಾರೆ ಏನ್ರಿ?"

ಗುಂಪುಗಳ ಹಾಳೆ ಪ್ರಿಂಟ್ ತೆಗೆದುಕೊಂಡು ಅಂಗಡಿಗೆ ಹೋದೆ. ಮೇಜಿನ ಮೇಲೆ ಹರಡಿ ಒಂದೊಂದೇ ಓದಿದೆ.

ಮೊದಲ ತಕರಾರು ಕಾಗುಣಿತದ್ದು. ಬಿ-ವೈಯಿಂದ ಶುರುವಾಗುವ ಎಲ್ಲವನ್ನೂ ಟೂಲ್ ಒಂದೇ ಗುಂಪು ಮಾಡಿತ್ತು. ಬಿ-ಇ ಇರುವುದನ್ನು ಬೇರೆ ಹಾಕಿತ್ತು. ಅದರ ಫಲಿತಾಂಶದಲ್ಲಿ ಮರಾಠಿ ಅಡುಗೆ ಪುಟಗಳು, ಮುಂಬಯಿಯ ಅಂಗಡಿಗಳು. ಟೂಲ್ ಮಾತು ಕೇಳಿದರೆ ಎರಡು ಪುಟ ಬೇಕು. ನಾನೂ ಅದನ್ನೇ ಹೇಳಿದೆ.

ಅಕ್ಕಾರು ಕೇಳಿದರು: "ಅವರಿಗೆ ಕಳಸೂ ಪಾಕೀಟು ಬ್ಯಾರೆ ಏನ್ರಿ?"

"ಇಲ್ಲ, ಅದೇ."

"ಮತ್ತ ಪುಟ ಯಾಕ್ ಬ್ಯಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಏಳು ಪುಟದ ರೋಗವನ್ನೇ ನಾನು ಎರಡು ಪುಟವಾಗಿ ಮತ್ತೆ ತರುತ್ತಿದ್ದೆ. ಒಂದೇ ಪುಟ ಅಂತ ತೀರ್ಮಾನ ಆಯಿತು. ಮಹಾರಾಷ್ಟ್ರ, ಗೋವಾದಲ್ಲಿ ಇದನ್ನೇ ಬೇಡಗಿ ಮಿರ್ಚಿ ಅನ್ನುತ್ತಾರೆ ಅಂತ ಅದರಲ್ಲೇ ಒಂದು ಸಾಲು. ಉಳಿದ ಆರು ಪುಟ ತೆಗೆದು, ಅವುಗಳ ವಿಳಾಸ ಒತ್ತಿದವರು ಈ ಪುಟಕ್ಕೇ ಬರುವ ಹಾಗೆ 301 ರೀಡೈರೆಕ್ಟ್ ಹಾಕಿದೆ.

ಎರಡನೇ ತಕರಾರು ಅಜ್ಜಾರದು. ಅಲ್ಲಿವರೆಗೆ ಅವರು ಮೂಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. "ಕಡ್ಡಿ, ಡಬ್ಬಿ ಒಂದೇ ಗುಂಪು" ಅಂತ ನಾನು ಓದಿದ್ದೇ ತಡ, ಕನ್ನಡಕ ತೆಗೆದರು.

"ಯಾರ್ ಹೇಳಿದ್ರು ನಿನಗ ಒಂದ ಅಂತ? ಬಾ ಇಲ್ಲಿ ತಮ್ಮಾ."

ಎರಡು ಚೀಲದಿಂದ ಒಂದೊಂದು ಕಾಯಿ ತೆಗೆದರು. ಒಂದು ಉದ್ದ, ತೆಳು, ಮೈತುಂಬ ಸುಕ್ಕು, ಅದು ಕಡ್ಡಿ. ಇನ್ನೊಂದು ಗಿಡ್ಡ, ದಪ್ಪ ಹೊಟ್ಟೆ, ಅದು ಡಬ್ಬಿ. ಗಿಡ್ಡದ್ದನ್ನು ನನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದಿತು. ಉದ್ದದ್ದನ್ನು ಅಲ್ಲಾಡಿಸಿದರು, ಸದ್ದು ಕಡಿಮೆ. ಆಮೇಲೆ ಎರಡನ್ನೂ ಸೀಳಿ ಪೇಪರ್ ಮೇಲೆ ಅಕ್ಕಪಕ್ಕ ಇಟ್ಟರು. ಡಬ್ಬಿಯ ಸುತ್ತ ಬೀಜದ ರಾಶಿ, ಬಣ್ಣ ಗಾಢ. ಕಡ್ಡಿಯಲ್ಲಿ ಬೀಜ ಕಡಿಮೆ. ಮಾರುಕಟ್ಟೆಯಲ್ಲಿ ರೇಟು ಜಾಸ್ತಿ ಸಿಗುವುದೂ ಡಬ್ಬಿಗೇ. "ಡಬ್ಬಿ ಬೇಕು ಅಂದವ್ರಿಗೆ ಕಡ್ಡಿ ಕೊಟ್ರ ತಿರುಗಿ ಬರೂದುಲ್ಲ" ಅಂದರು.

ಹಾಗಾದರೆ ಟೂಲ್ ಯಾಕೆ ಒಂದು ಮಾಡಿತು? ಆಫೀಸಿಗೆ ಬಂದು ಆ ಫಲಿತಾಂಶಗಳನ್ನು ಒಂದೊಂದಾಗಿ ತೆರೆದೆ. ಕಡ್ಡಿ ಅಂತ ಹುಡುಕಿದರೂ ಡಬ್ಬಿ ಅಂತ ಹುಡುಕಿದರೂ ಬರುವುದು ಬ್ಯಾಡಗಿ ಬಗ್ಗೆ ಸಾಮಾನ್ಯವಾಗಿ ಬರೆದ ಅವೇ ಪುಟಗಳು. ಎರಡಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಬರೆದ ಪುಟ ಮೊದಲ ಹತ್ತರಲ್ಲಿ ಒಂದೂ ಇರಲಿಲ್ಲ. ಗೂಗಲ್‌ಗೆ ತೋರಿಸಲು ಬೇರೆ ಏನೂ ಇಲ್ಲದ್ದರಿಂದ ಅದನ್ನೇ ತೋರಿಸುತ್ತಿತ್ತು. ಟೂಲ್ ಅದನ್ನು ನೋಡಿ ಜನರ ಬೇಡಿಕೆ ಒಂದೇ ಅಂತ ತಿಳಿದುಕೊಂಡಿತ್ತು. ಕನ್ನಡದ ಸಾಲುಗಳಲ್ಲಿ ಇದು ಇನ್ನೂ ಜಾಸ್ತಿ. ಯಾವ ಪ್ರಶ್ನೆ ಕೇಳಿದರೂ ಅವೇ ನಾಲ್ಕು ವಿಡಿಯೋ, ಒಂದು ವಿಕಿಪೀಡಿಯ, ಎರಡು ಸುದ್ದಿ. ಬರಹ ಕಡಿಮೆ ಇರುವ ಭಾಷೆಯಲ್ಲಿ ಈ ಲೆಕ್ಕವನ್ನು ಪೂರ್ತಿ ನಂಬಬಾರದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಕಡ್ಡಿಗೊಂದು, ಡಬ್ಬಿಗೊಂದು ಪುಟ ಮಾಡಿದೆವು. ಪಾಕೀಟು ಬೇರೆ ತಾನೇ. ಅಜ್ಜಾರು ಸೀಳಿಟ್ಟ ಎರಡು ಕಾಯಿಗಳ ಫೋಟೋವನ್ನು ಅಕ್ಕಾರು ಫೋನಿನಲ್ಲೇ ತೆಗೆದಿದ್ದರು. ಕೆಳಗೆ ಪೇಪರಿನ ಅಕ್ಷರ ಕಾಣುವ ಅದೇ ಫೋಟೋ ಎರಡೂ ಪುಟದಲ್ಲಿ ಇದೆ.

ರೇಟಿನ ಪುಟ

38ರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಯಾವುದು ಗೊತ್ತಾ? "ಬ್ಯಾಡಗಿ ಮೆಣಸಿನಕಾಯಿ ಇಂದಿನ ದರ." ಇಂದಿನ ರೇಟು, ಮಾರುಕಟ್ಟೆ ರೇಟು, ಕ್ವಿಂಟಲ್‌ಗೆ ಎಷ್ಟು, ಹೀಗೆ ಹತ್ತಾರು ರೂಪ. ಪ್ಲಾನರ್‌ನಲ್ಲೂ ಅದರದೇ ಸಂಖ್ಯೆ ದೊಡ್ಡದು.

ಮೈದುನನ ಮುಖ ಅರಳಿತು. ಬ್ಯಾಡಗಿಯಲ್ಲಿ ಟೆಂಡರ್ ನಡೆಯುವುದು ಸೋಮವಾರ, ಗುರುವಾರ. ಹೇಗೂ ತಾನು ಅಲ್ಲೇ ಇರುತ್ತೇನೆ, ಸಂಜೆ ರೇಟ್ ಹಾಕಿದರೆ ಆಯಿತು ಅಂದ. ನನಗೆ ಸ್ವಲ್ಪ ಅನುಮಾನ ಇತ್ತು. ಆದರೆ ಸಂಖ್ಯೆ ನೋಡಿದರೆ ನನಗೂ ಆಸೆ. ಬೇಡ ಅನ್ನಲಿಲ್ಲ.

ಜನವರಿಯಲ್ಲಿ ಪುಟ ಹಾಕಿದೆವು. ವಾರ ಎರಡರಲ್ಲೇ ಏರಿತು. ಸರ್ಚ್ ಕನ್ಸೋಲಿನ ಗೆರೆ ನೋಡಿ ಮೈದುನ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಇಟ್ಟ. ಫೆಬ್ರವರಿ ಹೊತ್ತಿಗೆ ವೆಬ್‌ಸೈಟಿಗೆ ಬರುವ ಹತ್ತು ಜನರಲ್ಲಿ ಏಳೆಂಟು ಜನ ಆ ಒಂದೇ ಪುಟಕ್ಕೆ.

ಅಕ್ಕಾರ ಫೋನ್ ಮಾತ್ರ ನಿಲ್ಲದೆ ಹೊಡೆದುಕೊಳ್ಳತೊಡಗಿತು. ಬೆಳಿಗ್ಗೆ ಆರಕ್ಕೇ ಶುರು. ಕುಂದಗೋಳ ಕಡೆಯಿಂದ, ಗದಗ ಕಡೆಯಿಂದ, ಆಂಧ್ರದಿಂದಲೂ. "ನಮ್ಮದು 20 ಚೀಲ ಐತ್ರಿ, ತಗೋತೀರೇನು?" "ಗುರುವಾರ ರೇಟ್ ಏರತೈತೇನ್ರಿ?" ಕರೆ ಮಾಡುವವರು ಬೆಳೆದವರು, ದಲಾಲರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ, ಆದರೆ ಅವರು ಅರ್ಧ ಕಿಲೋ ಪುಡಿ ಕೊಳ್ಳುವವರಲ್ಲ. ಅದರ ನಡುವೆ ಬೆಂಗಳೂರಿನ ಹಳೆಯ ಗಿರಾಕಿಯೊಬ್ಬರು ಮೂರು ದಿನ ಪ್ರಯತ್ನಿಸಿ, ಲೈನ್ ಸಿಗದೆ, ಬೇರೆ ಕಡೆ ತರಿಸಿಕೊಂಡೆವು ಅಂತ ಮೆಸೇಜ್ ಹಾಕಿದರು.

ಆ ಮೆಸೇಜ್ ಅಕ್ಕಾರು ನನಗೆ ಫಾರ್ವರ್ಡ್ ಮಾಡಿದರು. ಜೊತೆಗೆ ಏನೂ ಬರೆದಿರಲಿಲ್ಲ.

ಮಾರ್ಚ್ ಮೊದಲ ವಾರ ಪುಟದಿಂದ ರೇಟ್ ತೆಗೆದೆವು. ದಿನದ ದರಕ್ಕೆ ಕರ್ನಾಟಕ ಸರ್ಕಾರದ ಕೃಷಿ ಮಾರಾಟ ವಾಹಿನಿ ಇದೆ, ಅಲ್ಲಿ ನೋಡಿ ಅಂತ ಎರಡು ಸಾಲು ಬರೆದು ಲಿಂಕ್ ಕೊಟ್ಟೆ. ಪುಟ ನಿಧಾನಕ್ಕೆ ಕೆಳಗಿಳಿಯಿತು, ಫೋನೂ ತಣ್ಣಗಾಯಿತು. ಇದೇ ಕಾರಣಕ್ಕೆ "ಬ್ಯಾಡಗಿ ಮೆಣಸಿನ ಬೀಜ" ಅನ್ನುವ ಬಿತ್ತನೆಯ ಗುಂಪನ್ನು ಕೈಗೇ ತೆಗೆದುಕೊಳ್ಳಲಿಲ್ಲ.

ಸೊನ್ನೆ ತೋರಿಸಿದ ಗುಂಪು

ಇದಕ್ಕೆ ಪೂರ್ತಿ ಉಲ್ಟಾ ಮಸಾಲಿ ಖಾರ. ಕೀವರ್ಡ್ ಪ್ಲಾನರ್‌ನಲ್ಲಿ ಅದರ ಎದುರು ಬರೀ ಗೆರೆ. ಮಸಾಲಿ ಖಾರ, ಮಸಾಲೆ ಖಾರ, ಇಂಗ್ಲಿಷ್ ಅಕ್ಷರದ ನಾಲ್ಕು ರೂಪ, ಒಂದಕ್ಕೂ ಸಂಖ್ಯೆ ಇಲ್ಲ. ಟೂಲ್ ಪ್ರಕಾರ ಕಸದ ಬುಟ್ಟಿಗೆ. ಆದರೆ ವಾಟ್ಸಾಪ್ ಪಟ್ಟಿಯಲ್ಲಿ ಅತಿ ಹೆಚ್ಚು ಕೇಳಿದ್ದು ಅದನ್ನೇ. ಕೇಳುವವರು ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕೆ ಇರುವ ನಮ್ಮ ಕಡೆಯ ಹುಡುಗ ಹುಡುಗಿಯರು, ಸೊಸೆಯ ಮನೆಗೆ ಹೋಗಿ ಕೂತ ಅತ್ತೆಯರು.

ಅಕ್ಕಾರು ಹೇಳುತ್ತ ಹೋದರು, ನಾನು ಹಾಗೇ ಬರೆದೆ. ಮೆಣಸಿನಕಾಯಿ ಹುರಿಯುವುದು ಎಷ್ಟು, ಒಣಕೊಬ್ಬರಿ, ಬಳ್ಳೊಳ್ಳಿ, ಉಳ್ಳಾಗಡ್ಡಿ ಯಾವಾಗ, ಎಣ್ಣೆ ಎಷ್ಟು, ಒದ್ದೆ ಚಮಚ ಹಾಕಿದರೆ ಯಾಕೆ ಕೆಡುತ್ತದೆ. ಬದನೆಕಾಯಿ ಎಣಗಾಯಿಗೆ ಎಷ್ಟು ಚಮಚ ಅನ್ನುವುದೂ ಇತ್ತು. ನಾನು "ಬೆಳ್ಳುಳ್ಳಿ" ಅಂತ ತಿದ್ದಲು ಹೊರಟಿದ್ದೆ. ಬೇಡ್ರಿ, ಕೇಳೋರು ಬಳ್ಳೊಳ್ಳಿ ಅಂತಲೇ ಕೇಳುತ್ತಾರೆ ಅಂದರು. ಎರಡೂ ಇಟ್ಟೆ.

"ಖಾರ ಇರುತ್ತಾ" ಅನ್ನುವ ಗುಂಪಿಗೆ ಇನ್ನೊಂದು ಪುಟ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಓಲಿಯೋರೆಸಿನ್, ಅಂದರೆ ಬಣ್ಣದ ಎಣ್ಣೆಯಂಥ ಸಾರ ತೆಗೆದು ಆಹಾರದ ಬಣ್ಣಕ್ಕೆ, ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ. 2011ರಲ್ಲಿ ಜಿಐ, ಅಂದರೆ ಊರಿನ ವಿಶೇಷ ಮಾಲು ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ನಾಲಿಗೆ ಸುಡುವ ಖಾರ ಬೇಕಾದರೆ ಗುಂಟೂರು ಬೆರೆಸಿಕೊಳ್ಳಿ, ನಮ್ಮ ಮನೆಗಳಲ್ಲೂ ಹಾಗೇ ಮಾಡುತ್ತಾರೆ ಅಂತ ನೇರವಾಗಿ ಬರೆದೆವು. ಮಾರುವವನೇ "ಖಾರ ಕಡಿಮೆ" ಅಂತ ಬರೆಯುವುದಾ ಅಂತ ಮೈದುನ ಗೊಣಗಿದ. ಆದರೆ ಪುಡಿ ಸಪ್ಪೆ ಇದೆ ಅಂತ ವಾಪಸ್ ಬರುತ್ತಿದ್ದ ಪಾಕೀಟುಗಳು ಆ ಪುಟ ಬಂದ ಮೇಲೆ ಬಹುತೇಕ ನಿಂತವು. ಯಾರಾದರೂ ಕೇಳಿದರೆ ಅಕ್ಕಾರು ಈಗ ಆ ಲಿಂಕನ್ನೇ ಕಳಿಸುತ್ತಾರೆ.

ಏನಾಯಿತು

23 ಪುಟ ಇದ್ದದ್ದು 9ಕ್ಕೆ ಬಂತು. ಪುಡಿಯ ಪುಟ ಏಪ್ರಿಲ್ ಹೊತ್ತಿಗೆ ಗೂಗಲ್‌ನ ಮೊದಲ ಪುಟದ ಕೆಳತುದಿಗೆ ಬಂದು ನಿಂತಿತು, ಅಲ್ಲೇ ಇದೆ. ಕಡ್ಡಿ, ಡಬ್ಬಿ ಎರಡೂ ಮೊದಲ ಮೂರರೊಳಗೆ. ಸ್ಪರ್ಧೆಗೆ ಯಾರೂ ಇರಲಿಲ್ಲ, ದೊಡ್ಡ ಸಾಧನೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಪೇಪರ್ ಮೇಲಿನ ಆ ಫೋಟೋದಿಂದಲೂ ಜನ ಬರುತ್ತಾರೆ.

ಬೇಡಗಿ ಅಂತ ಹುಡುಕುವವರಿಗೆ ನಾವು ಈಗಲೂ ಕಾಣುವುದಿಲ್ಲ. ಬಹುಶಃ ಟೂಲ್ ಹೇಳಿದ್ದೇ ಸರಿ, ಮರಾಠಿಯಲ್ಲೇ ಒಂದು ಪುಟ ಬರೆಸಬೇಕಿತ್ತೇನೋ. ಕಾಶ್ಮೀರಿಗೂ ಬ್ಯಾಡಗಿಗೂ ಏನು ವ್ಯತ್ಯಾಸ ಅನ್ನುವ ಪುಟಕ್ಕೆ ನಾಲ್ಕು ದಿನ ಕೂತಿದ್ದೆ, ಅದು ಗೂಗಲ್‌ನ ಐದನೇ ಪುಟದಿಂದ ಅಲ್ಲಾಡಲಿಲ್ಲ. ಅಲ್ಲಿ ದೊಡ್ಡ ಮಸಾಲೆ ಕಂಪನಿಗಳು, ಅಡುಗೆ ಜಾಲತಾಣಗಳು ಬೇರು ಬಿಟ್ಟು ಕೂತಿವೆ.

ಆರ್ಡರ್ ಲೆಕ್ಕ ಹಾಕುವಾಗ ಇನ್ನೊಂದು ಎಡವಟ್ಟು ತಪ್ಪಿತು. ನವೆಂಬರ್‌ಗೆ ಹೋಲಿಸಿದರೆ ಮಾರ್ಚ್‌ನಲ್ಲಿ ನಾಲ್ಕು ಪಟ್ಟು ಅಂತ ಮೈದುನ ಕುಣಿಯುತ್ತಿದ್ದ. ಬ್ಯಾಸಗಿಯಲ್ಲಿ ಮೆಣಸಿನಕಾಯಿ ಮಾರುವುದು ವಿಶೇಷವೇ? ವೆಬ್‌ಸೈಟ್ ಮುಚ್ಚಿದ್ದರೂ ಏರುತ್ತಿತ್ತು. ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಬೇಕು, ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಇರುವುದರ ಉಪಯೋಗವೂ ಅದೇ. ಆರ್ಡರ್‌ಗಳನ್ನೂ ಹಾಗೆ ನೋಡಿದಾಗ, ಹಿಂದಿನ ವರ್ಷ ಮಾರ್ಚಿಂದ ಮೇವರೆಗೆ ವೆಬ್‌ಸೈಟಿನಿಂದ ಬಂದದ್ದು 31 ಆರ್ಡರ್. ಈ ಸಲ 74. ಅದರಲ್ಲಿ 40ರ ಮೇಲೆ ಮಸಾಲಿ ಖಾರ, ಪ್ಲಾನರ್ ಬರೀ ಗೆರೆ ಎಳೆದು ಬಿಟ್ಟಿದ್ದ ಮಾಲು. ಬರುವ ಜನರ ಸಂಖ್ಯೆ ಮಾತ್ರ ಫೆಬ್ರವರಿಯ ಅರ್ಧಕ್ಕೂ ಇಲ್ಲ.

ಆ ಅರ್ಧವೇ ಮೈದುನನ ಕಣ್ಣಿಗೆ ಚುಚ್ಚುತ್ತದೆ. ಹೊಸ ಹಂಗಾಮಿಗೆ ರೇಟಿನ ಪುಟ ಮತ್ತೆ ಹಾಕೋಣ ಅಂತ ಕಳೆದ ವಾರ ಫೋನ್ ಮಾಡಿದ್ದ. ಹಿಂದಿನಿಂದ ಅಕ್ಕಾರ ದನಿ ಕೇಳಿಸಿತು: "ಹಾಕ್ರಿ ಸರ್, ನಂದೇನೂ ತಕರಾರಿಲ್ಲ. ನಂಬರ್ ಮಾತ್ರ ಅವಂದ ಹಾಕ್ರಿ."